ಹಗ್ಗದ ಹಿಂದೆ ನಿಂತ ಕೆಲ್ಟಿಕ್ ವೀರ

ಶಿಸ್ತಿನಿಂದ ಕೂತರೆ ಮನುಷ್ಯ ಕಲಿಯಲಾಗದ ವಿದ್ಯೆ ಯಾವುದೂ ಇಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ಸೇರಿ, ಕೊರಳಿಗೆ ಸೀಟಿ ಹಾಕಿಕೊಂಡೇ ನಿವೃತ್ತನಾದ ನಾನು ಈ ಮಾತನ್ನು ಎಷ್ಟೋ ತಲೆಮಾರಿನ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಹೇಳಿದ್ದೇನೆ. ಮಕ್ಕಳು ನಂಬಿದರೋ ಇಲ್ಲವೋ ಗೊತ್ತಿಲ್ಲ. ನಾನು ನಂಬಿದೆ. ಆದ್ದರಿಂದಲೇ, ಐರ್ಲೆಂಡ್ ದೇಶದ ಪುರಾಣದಲ್ಲಿ ಬರುವ ಕೆಲ್ಟಿಕ್ ವೀರನೊಬ್ಬನ ಭಾವಚಿತ್ರವನ್ನು ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಡುತ್ತೀರಾ ಎಂದು ಹೆಂಡತಿ ಕೇಳಿದಾಗ, ಅದುವರೆಗೆ ಒಂದು ಮಾವಿನಕಾಯಿಯನ್ನೂ ನೆಟ್ಟಗೆ ಬರೆಯದಿದ್ದ ನಾನು, ಅದೇನು ಮಹಾ ಕೆಲಸ, ಬರೆದರಾಯಿತು ಎಂದುಬಿಟ್ಟೆ.

ಶನಿವಾರಸಂತೆಯ ನಮ್ಮ ಬಡಾವಣೆಗೂ ಐರ್ಲೆಂಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಜೆರ್ಸಿಯದು.

ನಮ್ಮಲ್ಲಿ ಪ್ರತಿವರ್ಷ ನಾಟಿಯ ಹೊತ್ತಿಗೆ ಕೆಸರುಗದ್ದೆ ಕ್ರೀಡಾಕೂಟ ನಡೆಯುತ್ತದೆ. ಉತ್ತು ನೀರು ನಿಲ್ಲಿಸಿದ ಗದ್ದೆಯಲ್ಲಿ ಓಟ, ಚೆಂಡಾಟ, ಕೊನೆಗೆ ಹಗ್ಗಜಗ್ಗಾಟ. ನಮ್ಮ ಬಡಾವಣೆಯ ಹೆಂಗಸರ ತಂಡ ಹಗ್ಗಜಗ್ಗಾಟಕ್ಕೆ ತಪ್ಪದೆ ಹೋಗುತ್ತದೆ. ತಪ್ಪದೆ ಮೊದಲ ಸುತ್ತಿನಲ್ಲೇ ಸೋತು ಬರುತ್ತಿತ್ತು. ಸೋಲಿಸುವವರೂ ತಪ್ಪದೆ ಅವರೇ: ಎಸ್ಟೇಟಿನ ಲೈನುಮನೆಗಳ ಕೂಲಿ ಹೆಂಗಸರ ತಂಡ. ಕಾಫಿ ಪಿಕ್ಕಿಂಗ್ ಮುಗಿಸಿ ತುಂಬಿದ ಮೂಟೆಯನ್ನು ತಲೆಯ ಮೇಲೆ ಹೊತ್ತು ಗುಡ್ಡ ಇಳಿಯುವ ಆ ಹೆಂಗಸರಿಗೆ ನಮ್ಮವರನ್ನು ಎಳೆಯುವುದೆಂದರೆ ಒಗೆದ ಸೀರೆಯನ್ನು ತಂತಿಯಿಂದ ಎಳೆದುಕೊಂಡಷ್ಟೇ ಸಲೀಸು. ಅವರ ಹಗ್ಗದ ತುದಿಯಲ್ಲಿ ಸೆಲ್ವಿ ಎಂಬಾಕೆ ನಿಲ್ಲುತ್ತಾಳೆ. ಆಕೆ ನಕ್ಕಿದ್ದನ್ನು ಕಂಡವರು ನಮ್ಮ ಊರಿನಲ್ಲಿ ಯಾರೂ ಇರಲಿಲ್ಲ.

ನಮ್ಮ ಹಗ್ಗದ ತುದಿಯಲ್ಲಿ ನಿಲ್ಲುತ್ತಿದ್ದವಳು ನನ್ನ ಹೆಂಡತಿ ಲಲಿತಾ.

ತಂಡದ ನಾಯಕಿ ಎದುರುಮನೆಯ ಸುಬೈದಾ, ಟೈಲರ್. ಕಳೆದ ವರ್ಷ ಆಕೆ ಶನಿವಾರದ ಸಂತೆಯಿಂದ ಒಂದು ಕಟ್ಟು ಹಸಿರು ಜೆರ್ಸಿ ಹಿಡಿದುಕೊಂಡು ಬಂದಳು. ಬಟ್ಟೆ ಗಟ್ಟಿ, ಹೊಲಿಗೆ ಗಟ್ಟಿ, ಎಲ್ಲ ಅಳತೆಯವೂ ಇವೆ. ಎದೆಯ ಮೇಲೆ ಮಾತ್ರ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ 'ಕೆಲ್ಟಿಕ್ ವಾರಿಯರ್ಸ್' ಎಂದು ಮೊದಲೇ ಅಚ್ಚಾಗಿತ್ತು. ಯಾರಿಗಾಗಿ ಅಚ್ಚಾಗಿತ್ತೋ, ಯಾಕೆ ನಮ್ಮ ಸಂತೆಗೆ ಬಂತೋ ದೇವರಿಗೇ ಗೊತ್ತು. ಹೆಸರು ನೋಂದಾಯಿಸುವಾಗ ಕ್ರೀಡಾಕೂಟದ ಕಾರ್ಯದರ್ಶಿ ಸುಬೈದಾಳ ಎದೆಯ ಮೇಲಿದ್ದುದನ್ನು ಓದಿ ಹಾಗೆಯೇ ಬರೆದುಕೊಂಡ. ಅಲ್ಲಿಗೆ ನಮ್ಮ ಬಡಾವಣೆಯ ಮಹಿಳಾ ಸಂಘ ಸಂತೆಗೆ ಹೋಗಿ ಬರುವಷ್ಟರಲ್ಲಿ ಕೆಲ್ಟಿಕ್ ಯೋಧರ ಪಡೆಯಾಗಿತ್ತು.

ಇದಿಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಕ್ರೀಡಾಕೂಟದವರು ಆ ಸಲ ಒಂದು ಹೊಸ ನಿಯಮ ಮಾಡಿದ್ದರು: ಪ್ರತಿ ತಂಡವೂ ತನ್ನ ಹೆಸರಿಗೆ ಒಪ್ಪುವ ಚಿತ್ರವಿರುವ ಬ್ಯಾನರ್ ಹಿಡಿದು ಮೆರವಣಿಗೆಯಲ್ಲಿ ಬರಬೇಕು, ಬ್ಯಾನರ್ ಇಲ್ಲದವರಿಗೆ ಗದ್ದೆಗೆ ಇಳಿಯಲು ಅವಕಾಶವಿಲ್ಲ. ಎಸ್ಟೇಟಿನವರು ಕಾಡುಕೋಣ. ಅವರಿಗೆ ಚಿತ್ರ ಸುಲಭ. ನಮ್ಮ ಹೆಂಗಸರಿಗೆ ಮಾತ್ರ ತಾವು ಯಾರು ಎಂಬುದೇ ತಿಳಿಯದು.

ಮಗಳು ಕಳಿಸಿಕೊಟ್ಟ ಟ್ಯಾಬ್ಲೆಟ್ ಒಂದು ನಮ್ಮ ಮನೆಯಲ್ಲಿತ್ತು, ಬರೆಯುವ ಪೆನ್ನಿನ ಸಮೇತ. ನಾನು ಅದರಲ್ಲಿ ಬೆಳಗಿನ ಪತ್ರಿಕೆ ಓದಿ, ಒರೆಸಿ, ಚೀಲದಲ್ಲಿ ಹಾಕಿಡುತ್ತಿದ್ದೆ. ಲಲಿತಾ ಅದನ್ನು ತಂದು ನನ್ನ ಮುಂದಿಟ್ಟಳು. ಅವಳ ಮಂಡಿ ನೋಡಿದ ಡಾಕ್ಟರು ಈ ವರ್ಷವೇ ಕೊನೆ, ಇನ್ನು ಹಗ್ಗ ಮುಟ್ಟಕೂಡದು ಎಂದು ಹೇಳಿ ಕಳಿಸಿದ್ದರು.

"ಒಂದೇ ಒಂದು ಸಲ ಗೆದ್ದು ಹಗ್ಗ ಬಿಡ್ಬೇಕು ಅಂತ ಆಸೆ ಕಣ್ರೀ," ಎಂದಳು. "ಅವ್ರ ಮುಂದೆ ನಿಂತ್ರೆ ನಮ್ಗೇ ಕೈಕಾಲು ನಡುಗುತ್ತೆ. ಈ ಸಲ ಅವ್ರು ಸ್ವಲ್ಪ ನಡುಗ್ಲಿ. ನೋಡಿದ್ರೆ ಎದೆ ಝಲ್ ಅನ್ನೋ ಹಾಗೆ ಒಂದು ಚಿತ್ರ ಬರ್ಕೊಡಿ."

ಹೊರಗೆ ಕೊಟ್ಟು ಬರೆಸೋಣ ಎಂದು ಸುಬೈದಾ ಹೇಳಿದಳು. ನಾನು ಕೈಯೆತ್ತಿ ತಡೆದೆ. ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿ ಹಿಡಿದು ನಾನು ಹಾಕುತ್ತಿದ್ದ ಓಟದ ಗೆರೆಗಳು ಎಷ್ಟು ಅಚ್ಚುಕಟ್ಟಾಗಿದ್ದವು ಎಂಬುದನ್ನು ಆಕೆಗೆ ನೆನಪಿಸಿದೆ. ಆಕೆ ಲಲಿತಾಳ ಮುಖ ನೋಡಿದಳು. ಲಲಿತಾ ಗೋಡೆ ನೋಡಿದಳು. ಪ್ರಸ್ತಾವ ಸರ್ವಾನುಮತದಿಂದ ಅಂಗೀಕಾರವಾಯಿತೆಂದು ನಾನು ತಿಳಿದುಕೊಂಡೆ.

ಮೊದಲು ಅಧ್ಯಯನ. ಕೆಲ್ಟರು ಹಿಂದಿನ ಕಾಲದಲ್ಲಿ ಯೂರೋಪಿನಲ್ಲಿದ್ದ ಜನ. ಭಾರಿ ಮೀಸೆ ಬಿಡುತ್ತಿದ್ದರಂತೆ, ಕೊರಳಿಗೆ ತಿರುಚಿದ ಲೋಹದ ಬಳೆಯಂಥದು ಹಾಕುತ್ತಿದ್ದರಂತೆ, ಮೈಗೆ ನೀಲಿ ಬಣ್ಣ ಬಳಿದುಕೊಂಡು ಯುದ್ಧಕ್ಕೆ ಇಳಿಯುತ್ತಿದ್ದರಂತೆ. ಕೂದಲಿಗೆ ಸುಣ್ಣದ ನೀರು ಹಚ್ಚಿ ಮುಳ್ಳುಹಂದಿಯಂತೆ ನೆಟ್ಟಗೆ ನಿಲ್ಲಿಸುತ್ತಿದ್ದರಂತೆ. ಸುಣ್ಣದ ವಿಷಯ ಓದಿದಾಗ ನನಗೆ ಅವರೆಲ್ಲ ಹತ್ತಿರದವರು ಅನ್ನಿಸಿತು. ಕೆಲವರು ಮೈಮೇಲೆ ನೂಲೂ ಇಲ್ಲದೆ ಹೋರಾಡುತ್ತಿದ್ದರು ಎಂದು ಓದಿದಾಗ ಅನ್ನಿಸಲಿಲ್ಲ. ಹೆಂಗಸರ ತಂಡದ ಬ್ಯಾನರ್. ಆ ಪುಟವನ್ನು ತಕ್ಷಣ ಮುಚ್ಚಿದೆ.

ಅವರ ವೀರರಲ್ಲಿ ಒಬ್ಬನನ್ನು ಆರಿಸಿಕೊಂಡೆ. ಆತ ಒಬ್ಬನೇ ಹೊಳೆ ದಾಟುವ ಜಾಗದಲ್ಲಿ ನಿಂತು ಶತ್ರುಸೈನ್ಯವನ್ನೆಲ್ಲ ತಡೆದು ಹಿಡಿದನಂತೆ. ನೀರಿನಲ್ಲಿ ಕಾಲೂರಿ ನಿಂತು ಜಗ್ಗದವನು! ಹಗ್ಗಜಗ್ಗಾಟಕ್ಕೆ ಇದಕ್ಕಿಂತ ಒಪ್ಪುವವರು ಇನ್ನು ಯಾರಿದ್ದಾರೆ? ಅವನ ಹೆಸರನ್ನು ಬರೆಯುವ ಬಗೆ ಒಂದು, ಕರೆಯುವ ಬಗೆ ಇನ್ನೊಂದು, ಎರಡೂ ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಹಾಗಾಗಿ ಮನೆಯಲ್ಲಿ ಅವನನ್ನು 'ಐರ್ಲೆಂಡಿನವರು' ಎಂದೇ ಕರೆಯತೊಡಗಿದೆವು. ಹೊಸದಾಗಿ ಬಾಡಿಗೆಗೆ ಬಂದವರನ್ನು ವಿಚಾರಿಸುವಂತೆ ಲಲಿತಾ ದಿನವೂ, "ಐರ್ಲೆಂಡಿನವರು ಎಲ್ಲಿಗೆ ಬಂದ್ರು?" ಎಂದು ಅಡಿಗೆಮನೆಯಿಂದ ಕೇಳುತ್ತಿದ್ದಳು.

ಎರಡನೆಯದು ವೇಳಾಪಟ್ಟಿ. ವೇಳಾಪಟ್ಟಿ ಇಲ್ಲದೆ ನಾನು ಹಲ್ಲನ್ನೂ ಉಜ್ಜಿದವನಲ್ಲ. ಸೋಮವಾರ ಕಣ್ಣು, ಮಂಗಳವಾರ ಮೂಗು, ಬುಧವಾರ ಬಾಯಿ ಮತ್ತು ಮೀಸೆ, ಗುರುವಾರ ಕೂದಲು, ಶುಕ್ರವಾರ ಬಟ್ಟೆ ಮತ್ತು ಆಯುಧ. ಬೆಳಗಿನ ವ್ಯಾಯಾಮ ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಜಿನ ಮುಂದೆ ಕೂರುತ್ತಿದ್ದೆ. ಒಂದು ದಿನದ ಪಾಠವನ್ನು ಇನ್ನೊಂದು ದಿನದ ಪಾಠದೊಂದಿಗೆ ಬೆರೆಸಬಾರದು ಎಂಬುದು ನನ್ನ ಹಳೆಯ ಪದ್ಧತಿ. ಅದರಂತೆ ಪ್ರತಿ ಅಂಗಕ್ಕೂ ಹೊಸ ಪುಟ ತೆಗೆದೆ. ಪ್ರತಿ ಪುಟವನ್ನೂ ಅಂಚಿನಿಂದ ಅಂಚಿಗೆ ತುಂಬಿಸಿದೆ.

ಶುಕ್ರವಾರ ಸಂಜೆ ಎಲ್ಲವನ್ನೂ ಒಂದೇ ಮುಖಕ್ಕೆ ಕರೆತಂದು ಜೋಡಿಸಿದೆ. ಕಣ್ಣು ಒಬ್ಬ ಮನುಷ್ಯನದು, ಮೂಗು ಒಂದು ಊರಿನದು. ಮೂಗಿನ ನೆರಳಿನಲ್ಲಿ ಬಾಯಿ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಲಲಿತಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು.

"ಒಂದೊಂದೂ ಬೇರೆ ಬೇರೆ ಬಸ್ಸಲ್ಲಿ ಬಂದು ಇಳಿದ ಹಾಗಿದೆಯಲ್ರೀ," ಎಂದಳು.

ಕೂದಲಿನದು ಇನ್ನೊಂದು ಕಥೆ. ಕೆದರಿದ ಕೂದಲನ್ನು ನನ್ನಿಂದ ಸಹಿಸಲಾಗದು. ತಲೆ ಬಾಚದೆ ಪ್ರಾರ್ಥನೆಗೆ ಬಂದ ಹುಡುಗರನ್ನು ನಾನು ಸಾಲಿನಿಂದ ಹೊರಗೆ ಕರೆದು ಕ್ಷೌರದಂಗಡಿಗೆ ಕಳಿಸುತ್ತಿದ್ದವನು. ಪುರಾಣ ಏನೇ ಹೇಳಲಿ, ನಾನು ಎಷ್ಟೇ ಮನಸ್ಸು ಗಟ್ಟಿ ಮಾಡಿಕೊಳ್ಳಲಿ, ಪೆನ್ನು ತಾನಾಗಿಯೇ ಐರ್ಲೆಂಡಿನವರಿಗೆ ಎಣ್ಣೆ ಹಚ್ಚಿ, ಪಕ್ಕಕ್ಕೆ ಬೈತಲೆ ತೆಗೆದು, ಒಪ್ಪವಾಗಿ ತಲೆ ಬಾಚಿತ್ತು. ನೋಡಿದ ಸುಬೈದಾ, "ಇವ್ರು ಬ್ಯಾಂಕಲ್ಲಿ ಲೋನ್ ಕೊಡೋರ ಹಾಗೆ ಕಾಣ್ತಾರಲ್ಲ ಮೇಷ್ಟ್ರೇ. ಇವ್ರನ್ನ ಕಂಡು ಸೆಲ್ವಿ ಹೆದರ್ತಾಳಾ?" ಎಂದಳು. ಲಲಿತಾ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಹೊರಟೆ. ಆಗ ಟ್ಯಾಬ್ಲೆಟ್ಟಿನಲ್ಲಿ ಒಂದು ಅದ್ಭುತ ಸೌಲಭ್ಯ ಕಣ್ಣಿಗೆ ಬಿತ್ತು. ಎಡಗಡೆ ಬರೆದುದನ್ನು ಅದು ಬಲಗಡೆಗೂ ತಾನೇ ಬರೆದುಕೊಡುತ್ತದೆ, ಕನ್ನಡಿಯಲ್ಲಿ ಕಂಡಂತೆ. ಎಡ, ಬಲ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಜೀವಮಾನವಿಡೀ ಸಾಲು ನೇರವಾಗಿರಲಿ ಎಂದು ಕೂಗಿ ಗಂಟಲು ಒಣಗಿಸಿಕೊಂಡವನಿಗೆ ಇದಕ್ಕಿಂತ ಇನ್ನೇನು ಬೇಕು? ಐರ್ಲೆಂಡಿನವರು ಸಾವಧಾನ್ ಸ್ಥಿತಿಯಲ್ಲಿ ಹಿಮ್ಮಡಿ ಕೂಡಿಸಿ ನಿಂತರು. ಕೈಗೆ ಒಂದು ಕತ್ತಿ ಕೊಟ್ಟೆ, ಎರಡಾಯಿತು. ಹೆಚ್ಚಿದ್ದರೆ ನಷ್ಟವೇನು? ಅವರ ಚೌಕುಳಿ ಬಟ್ಟೆಗೆ ನನ್ನದೇ ಮನೆಯಲ್ಲಿ ಉಡುವ ಲುಂಗಿಯ ಫೋಟೋ ತೆಗೆದು ಅಂಟಿಸಿದೆ. ಅಚ್ಚುಕಟ್ಟಾಗಿ ಕೂತಿತು.

ಉಳಿದದ್ದು ಮುಖದ ಭಾವ. ಎದೆ ಝಲ್ ಅನ್ನಿಸಬೇಕಲ್ಲ. ಎಷ್ಟು ಬರೆದರೂ ಐರ್ಲೆಂಡಿನವರು ಊಟಕ್ಕೆ ಕರೆಯಲು ಬಂದವರಂತೆ ಸೌಮ್ಯವಾಗಿ ಕಾಣುತ್ತಿದ್ದರು. ಎದುರಿಗೆ ನಿಜವಾದ ಮುಖ ಬೇಕು, ಬಲವೆಲ್ಲ ಹಾಕಿ ಎಳೆಯುತ್ತಿರುವ ಮುಖ ಬೇಕು. ಅಭ್ಯಾಸದ ಹಗ್ಗವನ್ನು ಹಿತ್ತಲಿನ ಹಲಸಿನ ಮರಕ್ಕೆ ಕಟ್ಟಿದೆ. ಫೋನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ, ತಾನೇ ಫೋಟೋ ತೆಗೆಯುವಂತೆ ಮಾಡಿ, ಓಡಿ ಹೋಗಿ ಹಗ್ಗ ಹಿಡಿದು ಎಳೆದೆ. ಹಲಸಿನ ಮರ ಜಗ್ಗಲಿಲ್ಲ. ಗಂಟು ಬಿಚ್ಚಿಕೊಂಡಿತು. ನಾನು ಹಿಂದಕ್ಕೆ ಹಾರಿ ಗೊಬ್ಬರದ ಗುಂಡಿಯ ಅಂಚಿನಲ್ಲಿ ಕೂತೆ. ಸದ್ದು ಕೇಳಿ ಲಲಿತಾ ಓಡಿ ಬಂದಳು. ಅವಳು ಕೈಕೊಟ್ಟು ಎಬ್ಬಿಸುವ ಮೊದಲೇ ನಾನು ಫೋನಿನಲ್ಲಿ ಫೋಟೋ ಬಂದಿದೆಯೇ ನೋಡಲು ಹೇಳಿದೆ.

ಬಂದಿತ್ತು. ಬೀಳುತ್ತಿರುವ ಕ್ಷಣಕ್ಕೇ ಸರಿಯಾಗಿ ಬಂದಿತ್ತು. ಕಣ್ಣುಗುಡ್ಡೆ ಹೊರಗೆ, ಬಾಯಿ ಗುಹೆಯಂತೆ, ಕೂದಲು ನೆಟ್ಟಗೆ ಆಕಾಶಕ್ಕೆ. ಸುಣ್ಣದ ನೀರಿನ ಹಂಗೇ ಇಲ್ಲದೆ ನಿಂತ ಕೂದಲು! ನಾನು ಅದರ ಎಡ ಅರ್ಧದ ಮೇಲೆ ಗೆರೆ ಎಳೆದೆ, ಬಲ ಅರ್ಧವನ್ನು ಯಂತ್ರ ಮಾಡಿಕೊಟ್ಟಿತು. ಅದಕ್ಕೊಂದು ದೊಡ್ಡ ಮೀಸೆ, ಕೊರಳಿಗೆ ಬಳೆ, ಕೆನ್ನೆಗೆ ತೆಳುವಾಗಿ ನೀಲಿ. ಕೊನೆಗೂ ಐರ್ಲೆಂಡಿನವರು ಬಂದರು.

ಯಾರಿಗೂ ತೋರಿಸಲಿಲ್ಲ. ಮೆರವಣಿಗೆಯ ದಿನವೇ ನೋಡಲಿ ಎಂದು ನೇರವಾಗಿ ಪೇಟೆಯ ಫ್ಲೆಕ್ಸ್ ಅಂಗಡಿಗೆ ಕಳಿಸಿದೆ. ಮಾರನೆಯ ದಿನ ಅಂಗಡಿಯವನಿಂದ ಫೋನ್ ಬಂತು.

"ಸರ್, ತೀರಿಕೊಂಡ ದಿನಾಂಕ ಹಾಕಿಲ್ಲ."

"ಯಾರು ತೀರಿಕೊಂಡಿದ್ದು?"

"ಈ ಫೋಟೋದಲ್ಲಿರೋ ಯಜಮಾನ್ರು ಸರ್. ಹಾರ, ದೀಪ, ಭಾವಪೂರ್ಣ ಶ್ರದ್ಧಾಂಜಲಿ ಎಲ್ಲ ಕೂರ್ಸಿದೀನಿ. ದಿನಾಂಕ ಒಂದು ಹೇಳಿಬಿಟ್ರೆ ಪ್ರಿಂಟಿಗೆ ಬಿಡ್ತೀನಿ."

ಅವನ ಅಂಗಡಿಯ ಕ್ರಮ ಹಾಗಂತೆ. ಫೋಟೋದಲ್ಲಿ ನಕ್ಕಿದ್ದರೆ ಹುಟ್ಟುಹಬ್ಬದ ಶುಭಾಶಯ, ನಗದಿದ್ದರೆ ಶ್ರದ್ಧಾಂಜಲಿ. ನಾನು ಸುಳ್ಳು ಹೇಳುವವನಲ್ಲ. ಅವರು ತೀರಿಕೊಂಡಿರುವುದು ನಿಜ, ಯುದ್ಧದಲ್ಲಿ ತೀರಿಕೊಂಡರು, ಆದರೆ ದಿನಾಂಕ ಯಾರಿಗೂ ಗೊತ್ತಿಲ್ಲ, ಅವರು ಪುರಾಣದವರು ಎಂದು ವಿವರಿಸಿದೆ. ಓ, ಪುರಾಣದವರಾ, ಮೊದಲೇ ಹೇಳಬಾರದಾ ಸರ್ ಎಂದು ಅವನು ಖುಷಿಯಿಂದ ಫೋನ್ ಇಟ್ಟ. ಆ ಖುಷಿಯನ್ನು ಕೇಳಿ ನಾನು ಎಚ್ಚರವಾಗಬೇಕಿತ್ತು.

ಕ್ರೀಡಾಕೂಟದ ದಿನ ಬೆಳಿಗ್ಗೆ ಫ್ಲೆಕ್ಸ್ ಬಸ್ಸಿನಲ್ಲಿ ಬಂತು, ಸುರುಳಿ ಸುತ್ತಿ, ಹಳೆ ಪತ್ರಿಕೆ ಸುತ್ತಿ. ಅದನ್ನು ಹಿಡಿಕೆಯಿರುವ ಒಂದು ಮರದ ಚೌಕಟ್ಟಿಗೆ ಮೊಳೆ ಹೊಡೆದು, ಗದ್ದೆಯ ಬದುವಿನ ಮೇಲೆ ತಂಡದ ಎದುರು ಬಿಚ್ಚಿದೆ.

ಅಂಗಡಿಯವನು ದೇವರ ಮಾದರಿ ಹಾಕಿದ್ದ. ತಲೆಯ ಹಿಂದೆ ಬಂಗಾರದ ಪ್ರಭಾವಳಿ, ಅದರಿಂದ ನಾಲ್ಕೂ ಕಡೆಗೆ ಕಿರಣ. ಕೆನ್ನೆಯ ಮೇಲಿದ್ದ ತೆಳು ನೀಲಿ ಅವನ ಯಂತ್ರದ ಹದಕ್ಕೆ ಹಬ್ಬಿ ಮುಖವಿಡೀ ದಟ್ಟ ನೀಲಿಯಾಗಿತ್ತು. ಆ ನೀಲಿಯ ನಡುವೆ ಬಿಟ್ಟ ಬಾಯಿ, ಹೊರಬಂದ ಕಣ್ಣು. ಕೆಳಗೆ ನನ್ನ ಲುಂಗಿ.

ಪಕ್ಕದಲ್ಲಿ ಹಾದುಹೋಗುತ್ತಿದ್ದ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದರು. ಸುಬೈದಾ, ಬಣ್ಣ ಚೆನ್ನಾಗಿ ಬಂದಿದೆ ಮೇಷ್ಟ್ರೇ ಎಂದು ಹೇಳಿ, ಕೆಮ್ಮಿಕೊಂಡು ಅತ್ತ ತಿರುಗಿದಳು. ಲಲಿತಾ ಹತ್ತಿರ ಬಂದು ಬಹಳ ಹೊತ್ತು ನೋಡಿದಳು.

"ರೀ, ಇದು ನೀವು."

ಖಂಡಿತ ಅಲ್ಲ ಎಂದೆ.

"ಕೆನ್ನೆ ಮೇಲೆ ನಿಮ್ಮ ಮಚ್ಚೆ ಇದೆ."

"ನನಗಿರೋದು ಒಂದು ಮಚ್ಚೆ. ಇವರಿಗೆ ಎರಡು ಕೆನ್ನೆಗೂ ಇದೆ. ಇವರು ನಾನು ಹೇಗಾಗ್ತಾರೆ?"

ಸಾಕ್ಷ್ಯಾಧಾರಗಳ ಈ ವಾದ ಅವಳ ಮುಂದೆ ನಿಲ್ಲಲಿಲ್ಲ. ಅವಳಿಗೆ ಕೋಪ ಬಂದಿದ್ದರೆ ಸಹಿಸಬಹುದಿತ್ತು. ಅವಳ ಮುಖ ಸಣ್ಣದಾಗಿತ್ತು. ಹೆದರಿಸೋಕೆ ಹೇಳಿದ್ದೆ, ಇನ್ನು ಎಳೆಯುವ ಮೊದಲೇ ನಗೆಪಾಟಲಾಗಬೇಕು, ಕೊನೆಯ ವರ್ಷ ಹೀಗೇ ಆಗಬೇಕಿತ್ತೇನೋ ಎಂದು ಮೆಲ್ಲಗೆ ಹೇಳಿ, ಜೆರ್ಸಿಯ ತೋಳು ಮೇಲೇರಿಸಿಕೊಂಡು ಹೊರಟುಹೋದಳು. ಹೋಗುತ್ತಾ, ಮೆರವಣಿಗೆಯಲ್ಲಿ ಚಿತ್ರದ ಮೇಲೆ ತನ್ನ ಟವೆಲ್ ಹೊದಿಸಿ ಹಿಡಿಯಲು ಹೇಳಿದಳು. ಹಾಗೆಯೇ ಹಿಡಿದೆ. ಹೊದಿಸಿದ ಬ್ಯಾನರ್ ಹಿಡಿದು ಮೆರವಣಿಗೆ ನಡೆಸಿದ ದೈಹಿಕ ಶಿಕ್ಷಕ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

ಮೊದಲ ಸುತ್ತು. ಎದುರಿಗೆ, ಬೇರೆ ಯಾರು, ಕಾಡುಕೋಣಗಳು. ಮೂರು ಎಳೆತದಲ್ಲಿ ಎರಡು ಗೆದ್ದವರು ಗೆದ್ದಂತೆ. ಸೀಟಿ ಊದಿತು. ಊದಿದ ಸದ್ದು ಕಿವಿಗೆ ಬೀಳುವಷ್ಟರಲ್ಲಿ ನಮ್ಮವರು ಗೆರೆಯ ಆಚೆ ಕೆಸರಿನಲ್ಲಿ ಮಲಗಿದ್ದರು. ಸೆಲ್ವಿ ಹಗ್ಗ ಕೆಳಗಿಟ್ಟು ಆಕಳಿಸಿದಳು.

ಎರಡನೆಯ ಎಳೆತಕ್ಕೆ ಜಾಗ ಬದಲಾಯಿಸುವಾಗ ಕಾರ್ಯದರ್ಶಿ ನನ್ನ ಹತ್ತಿರ ಬಂದ. ಅವನು ನನ್ನದೇ ವಿದ್ಯಾರ್ಥಿ. ನಿಯಮದ ಮಟ್ಟಿಗೆ ನನಗಿಂತ ಒಂದು ಕೈ ಹೆಚ್ಚು, ನಾನೇ ತಯಾರು ಮಾಡಿದ್ದು. "ಸಾರ್, ಬ್ಯಾನರ್ ತೆರೆದಿರಬೇಕು, ತಂಡದ ಹಿಂದೆ ಕಾಣೋ ಹಾಗೆ ಹಿಡಿದಿರಬೇಕು. ಇಲ್ಲದಿದ್ರೆ ತಂಡವನ್ನ ಹೊರಗಿಡಬೇಕಾಗುತ್ತೆ. ನೀವೇ ಕಲಿಸಿದ್ದು," ಎಂದ.

ಲಲಿತಾಳ ಟವೆಲ್ ತೆಗೆದೆ. ಬೇರೆ ದಾರಿ ಇರಲಿಲ್ಲ. ಹಗ್ಗದ ತುದಿಯಲ್ಲಿ ಅವಳು, ಅವಳ ಹಿಂದೆ ಬದುವಿನ ಮೇಲೆ ನಾನು, ನನ್ನ ಭುಜಕ್ಕೆ ಭುಜ ತಾಗಿಸಿ ಚೌಕಟ್ಟಿನಲ್ಲಿ ಐರ್ಲೆಂಡಿನವರು. ನಮ್ಮ ತಂಡದ ಬೆನ್ನು ನಮಗಿತ್ತು. ಎದುರು ತಂಡದವರ ಮುಖ ಪೂರಾ ನಮ್ಮ ಕಡೆಗಿತ್ತು.

ಸೀಟಿ ಊದಿತು. ಹಗ್ಗ ಬಿಗಿಯಾಯಿತು. ಅಭ್ಯಾಸಬಲದಿಂದ ನಾನು ತಾಳ ಹಾಕತೊಡಗಿದೆ. "ಎಳೀ... ಎಳೀ..." ಎಂದು ಪ್ರತಿ ಸಲವೂ ಬಾಯಿ ಪೂರ್ತಿ ತೆರೆದು, ಕಣ್ಣು ಅರಳಿಸಿ, ಕತ್ತು ಉಬ್ಬಿಸಿ. ಮಳೆಗೆ ಒದ್ದೆಯಾದ ಕೂದಲನ್ನು ಆಗಷ್ಟೇ ಕೈಯಲ್ಲಿ ಹಿಂದಕ್ಕೆ ತಳ್ಳಿದ್ದೆ, ಅದು ನೆಟ್ಟಗೆ ನಿಂತಿತ್ತಂತೆ. ನನಗೇನು ಗೊತ್ತು? ಎದುರಿನ ಸಾಲಿನ ಮೊದಲ ಹೆಂಗಸು ತಲೆಯೆತ್ತಿ ನೀಲಿ ಮುಖವನ್ನು ನೋಡಿದಳು. ಆಮೇಲೆ ಅದರ ಪಕ್ಕದ ಮುಖವನ್ನು ನೋಡಿದಳು. ಮತ್ತೆ ನೀಲಿ ಮುಖವನ್ನು ನೋಡಿದಳು. ಅವಳ ತುಟಿ ನಡುಗಿತು.

ನಗುವಿಗೆ ಒಂದು ಗುಣವಿದೆ, ಬಂದಾಗ ಮುಷ್ಟಿ ಸಡಿಲವಾಗುತ್ತದೆ. ಇದನ್ನು ಯಾವ ದೈಹಿಕ ಶಿಕ್ಷಣದ ಪಠ್ಯದಲ್ಲೂ ನಾನು ಓದಿರಲಿಲ್ಲ. ಮೊದಲನೆಯವಳಿಂದ ಎರಡನೆಯವಳಿಗೆ, ಅವಳಿಂದ ಮೂರನೆಯವಳಿಗೆ ನಗು ಹಗ್ಗದ ಮೇಲೆಯೇ ನಡೆದುಕೊಂಡು ಹೋಯಿತು. ಕೊನೆಯಲ್ಲಿ ಸೆಲ್ವಿ ಮಾತ್ರ ಕಲ್ಲಿನಂತೆ ನಿಂತಿದ್ದಳು. ಆದರೆ ಒಬ್ಬಳೇ ಏನು ಮಾಡಿಯಾಳು? ಸಾಲು ಸಾಲಾಗಿ ಮುಗ್ಗರಿಸಿದ ಕಾಡುಕೋಣಗಳು ಗೆರೆ ದಾಟಿ ನಮ್ಮ ಕಡೆಗೆ ಜಾರಿಬಂದವು.

ಗದ್ದೆಯ ಸುತ್ತ ಹೋ ಎಂದು ಎದ್ದ ಸದ್ದಿಗೆ ಪಕ್ಕದ ತೋಟದ ಹಕ್ಕಿಗಳು ಹಾರಿದವು. ಲಲಿತಾ ನಂಬಲಾರದೆ ಹಗ್ಗ ಹಿಡಿದೇ ನಿಂತಿದ್ದಳು.

ಮೂರನೆಯ ಎಳೆತ. ಮತ್ತೆ ಜಾಗ ಬದಲು. ನಾನೂ ಐರ್ಲೆಂಡಿನವರೂ ನಿಯಮದ ಪ್ರಕಾರ ಗದ್ದೆ ಸುತ್ತಿ ಆಚೆ ಬದುವಿಗೆ ನಡೆದೆವು. ಸೆಲ್ವಿ ತನ್ನವರನ್ನು ಒಟ್ಟುಗೂಡಿಸಿ ಗದರಿದಳು, ಯಾರೂ ತಲೆ ಎತ್ತಕೂಡದು, ಕೆಸರನ್ನೇ ನೋಡಬೇಕು ಎಂದು. ಅವರು ಹಾಗೆಯೇ ತಲೆ ತಗ್ಗಿಸಿ ಎಳೆಯತೊಡಗಿದರು. ಹಗ್ಗ ಅವರ ಕಡೆಗೆ ಸರಿಯಿತು. ಅಷ್ಟರಲ್ಲಿ ಇನ್ನೊಂದು ಆಪತ್ತು. ಅವರು ನಕ್ಕಿದ್ದು ಯಾಕೆ ಎಂಬ ಕುತೂಹಲ ನಮ್ಮವರಿಗೂ ಇತ್ತಲ್ಲ. ಸುಬೈದಾ ಒಂದು ಕ್ಷಣ ಹಿಂದೆ ತಿರುಗಿ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿಬಿಟ್ಟಳು. ನಾಯಕಿ ನಕ್ಕ ಮೇಲೆ ತಂಡ ಬಿಟ್ಟೀತೇ? ಒಬ್ಬೊಬ್ಬರಾಗಿ ತಿರುಗಿದರು, ಒಬ್ಬೊಬ್ಬರಾಗಿ ಸಡಿಲವಾದರು. ಹಗ್ಗದ ನಡುವಿನ ಕೆಂಪು ಬಟ್ಟೆ ಗೆರೆಯ ಅಂಚಿಗೆ ಬಂತು. ಆಗ ಲಲಿತಾ ತಿರುಗಿದಳು.

ನನ್ನನ್ನು ನೋಡಿದಳು. ಐರ್ಲೆಂಡಿನವರನ್ನು ನೋಡಿದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮದುವೆಯಾದಾಗಿನಿಂದ ಬೆಳಗಾದರೆ ನೋಡಿದ ಮುಖ. ಅವಳಿಗೆ ಅದರಲ್ಲಿ ನಗುವಂಥ ಹೊಸದೇನೂ ಕಾಣಲಿಲ್ಲ.

"ಅದನ್ನೇನ್ ನೋಡ್ತೀರಿ, ನಾನು ನೋಡ್ತಿಲ್ವಾ ದಿನಾ. ಎಳೀರಿ!" ಎಂದಳು.

ನೋಯುವ ಮಂಡಿಯನ್ನು ಮಡಚಿ, ಹಿಮ್ಮಡಿಯನ್ನು ಕೆಸರಿನ ಅಡಿಯ ಗಟ್ಟಿ ನೆಲಕ್ಕೆ ಊರಿ, ಹಗ್ಗವನ್ನು ಸೊಂಟಕ್ಕೆ ತಂದುಕೊಂಡು ಹಿಂದಕ್ಕೆ ಕೂತುಬಿಟ್ಟಳು. ಕೆಂಪು ಬಟ್ಟೆ ನಿಂತಿತು. ಎದುರಿನ ಎಂಟು ಜನರೂ ಎಳೆದರು, ಅದು ನಿಂತೇ ಇತ್ತು. ಹೊಳೆಯಲ್ಲಿ ನಿಂತು ಸೈನ್ಯ ತಡೆದವನನ್ನು ನಾನು ಪುಟಗಟ್ಟಲೆ ಓದಿದ್ದೆ. ನೋಡಿದ್ದು ಆಗ. ನಮ್ಮವರು ನಗು ನುಂಗಿಕೊಂಡು ಮತ್ತೆ ಹಗ್ಗಕ್ಕೆ ಬಿದ್ದರು. ಹಗ್ಗ ಯಾಕೆ ಬರುತ್ತಿಲ್ಲ ಎಂದು ಸೆಲ್ವಿಗೆ ಅರ್ಥವಾಗಲಿಲ್ಲ. ಎದುರಿಗೆ ಏನಾಗುತ್ತಿದೆ ಎಂದು ನೋಡಲು ಒಂದೇ ಒಂದು ಸಲ ತಲೆಯೆತ್ತಿದಳು.

ನಾನು ಆಗ "ಎಳೀ" ಎಂಬುದರ ನಡುವೆ ಇದ್ದೆ.

ಶನಿವಾರಸಂತೆಯ ಜನ ಅಂದು ಸೆಲ್ವಿ ನಗುವುದನ್ನು ಕಂಡರು. ಗುಡುಗಿನಂಥ ನಗು, ಹೊಟ್ಟೆಯಿಂದ ಬಂತು. ಆಕೆ ಹಗ್ಗ ಬಿಟ್ಟು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೆಸರಿನಲ್ಲಿ ಕೂತಳು. ನಮ್ಮವರು ಒಮ್ಮೆಲೇ ಹಿಂದಕ್ಕೆ ಬಿದ್ದರು. ಲಲಿತಾ ಎಲ್ಲರ ಅಡಿಯಲ್ಲಿದ್ದಳು. ಗೆದ್ದಿದ್ದಳು.

ಆಮೇಲೆ ಅವಳನ್ನು ಎತ್ತಿ ನಿಲ್ಲಿಸಿದ್ದು ಸೆಲ್ವಿಯೇ. ಇಬ್ಬರೂ ಕಿವಿಯವರೆಗೆ ಕೆಸರಾಗಿ, ಪರಸ್ಪರ ಹೆಗಲ ಮೇಲೆ ಕೈ ಹಾಕಿಕೊಂಡು ಬ್ಯಾನರ್ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನೂ ಪಕ್ಕದಲ್ಲಿ ನಿಂತುಕೊಂಡೆ. ಬೇಡ ಸಾರ್, ಇನ್ನು ನಗೋಕೆ ಹೊಟ್ಟೇಲಿ ಜಾಗ ಇಲ್ಲ ಎಂದು ಸೆಲ್ವಿ ಕೈಮುಗಿದಳು. ಮುಂದಿನ ಸುತ್ತುಗಳ ತಂಡಗಳಿಗೆ ವಿಷಯ ಮೊದಲೇ ಮುಟ್ಟಿತ್ತು. ಗದ್ದೆಗೆ ಇಳಿಯುವಾಗಲೇ ಅವರು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಇಳಿದರು. ಹಾಗೆ ಇಳಿದವರನ್ನು ಎಳೆಯುವುದು ಕಷ್ಟವಾಗಲಿಲ್ಲ. ಕೆಲ್ಟಿಕ್ ಯೋಧರು ಕಪ್ಪನ್ನೂ ಒಂದು ಬಾಳೆಗೊನೆಯನ್ನೂ ಗೆದ್ದು, ಪಿಕಪ್ ವಾಹನದಲ್ಲಿ ನಿಂತು ಕೂಗುತ್ತಾ ಬಡಾವಣೆಗೆ ಬಂದರು. ಮುಂದುಗಡೆ ನಾನು ಐರ್ಲೆಂಡಿನವರನ್ನು ಎತ್ತಿ ಹಿಡಿದಿದ್ದೆ. ಲಲಿತಾ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು, ಇನ್ನು ಹಗ್ಗ ಬಿಡುತ್ತೇನೆ, ನೆಮ್ಮದಿಯಾಯಿತು ಎಂದಳು. ಚಿತ್ರದ ವಿಷಯ ಅವಳು ಎತ್ತಲಿಲ್ಲ, ನಾನು ಎರಡು ಮೂರು ಸಲ ಎತ್ತಿದೆ.

ಕಲೆಗೆ ಸಿಗಬೇಕಾದ ಮನ್ನಣೆ ತಡವಾಗಿಯಾದರೂ ಸಿಗುತ್ತದೆ. ಈ ವರ್ಷದ ಕ್ರೀಡಾಕೂಟಕ್ಕೆ ಮೊದಲು ಕಾರ್ಯದರ್ಶಿ ನಮ್ಮ ಮನೆಗೇ ಬಂದ. ಸನ್ಮಾನಕ್ಕೆ ಕರೆಯಲು ಬಂದಿದ್ದಾನೆಂದು ನಾನು ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದೆ. ಅವನು ಕುರ್ಚಿಯ ತುದಿಯಲ್ಲಿ ಕೂತು, ಸಮಿತಿ ನಿಯಮಾವಳಿಗೆ ಹೊಸದೊಂದು ಸೇರಿಸಿದೆ ಎಂದು ಓದಿದ: ಎಳೆತದ ಸಮಯದಲ್ಲಿ ಎದುರು ತಂಡದ ಕಣ್ಣಿಗೆ ಬೀಳುವಂತೆ ಯಾವುದೇ ಭಾವಚಿತ್ರವನ್ನು ಹಿಡಿಯತಕ್ಕದ್ದಲ್ಲ. ಸರಿಯಾದ ನಿಯಮ, ಹಾಗಾದರೆ ಬ್ಯಾನರನ್ನು ಮನೆಯಲ್ಲೇ ಬಿಟ್ಟು ನಾನೊಬ್ಬನೇ ಬರುತ್ತೇನೆ ಎಂದೆ. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ.

"ಸಾರ್, ಸಮಿತಿಯವರು ಹೇಳ್ತಾರೆ, ಚಿತ್ರ ಬಂದ್ರೂ ಒಂದೇ, ನೀವು ಬಂದ್ರೂ ಒಂದೇ ಅಂತ."

ಹಾಗಾಗಿ ಈ ವರ್ಷ ನನಗೆ ಸಮಿತಿಯೇ ಗೌರವಪೂರ್ವಕವಾಗಿ ಒಂದು ಪ್ರತ್ಯೇಕ ಆಸನ ಕೊಟ್ಟಿತು, ಪಂಪ್‌ಹೌಸಿನ ಪಕ್ಕದಲ್ಲಿ, ಬೆನ್ನನ್ನು ಗದ್ದೆಗೆ ಮಾಡಿ. ಹಗ್ಗ ಬಿಟ್ಟ ಲಲಿತಾ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಳು, ಅವಳದು ಮಾತ್ರ ಗದ್ದೆಯ ಕಡೆಗೆ. ಏನಾಗುತ್ತಿದೆ ಎಂದು ಅವಳು ನೋಡಿ ಹೇಳುತ್ತಿದ್ದಳು. ನಿಯಮ ಮುರಿದು ಅಭ್ಯಾಸವಿಲ್ಲದ ನಾನು ಎದುರಿನ ಬೇಲಿಯನ್ನೇ ನೋಡುತ್ತಾ, ಅವಳು ಹೇಳಿದಾಗಲೆಲ್ಲ ಚಪ್ಪಾಳೆ ತಟ್ಟಿದೆ.